ಗೋಡೆ ಕೆರೀಬೇಡಿ: ಇಂಗ್ಲೆಂಡಿನ ಮುಚ್ಚಿದ ಹಳೇ ಚರ್ಚುಗಳ ಬಗ್ಗೆ ಓದುಗರು ಕೇಳಿದ್ದು

ಹೋದ ತಿಂಗಳು ಇದೇ ಕಾಲಮ್ಮಲ್ಲಿ ಇಂಗ್ಲೆಂಡಿನ ಹಳ್ಳಿಗಳಲ್ಲಿ ಪೂಜೆ ನಿಂತುಹೋಗಿರೋ ಐನೂರು ಆರುನೂರು ವರ್ಷದ ಚರ್ಚುಗಳ ಬಗ್ಗೆ ಅರ್ಧ ಪುಟ ಬರೆದಿದ್ದೆ, ಜೊತೆಗೆ ಇಂಗಲ್‌ಶಮ್ ಅನ್ನೋ ಊರಿನ ಒಂದು ಪುಟ್ಟ ಚರ್ಚಿನ ಫೋಟೋ ಹಾಕಿದ್ವಿ. ಇಷ್ಟು ಪತ್ರ, ಮೇಲ್ ಬರುತ್ತೆ ಅಂತ ನಾನು ಅಂದ್ಕೊಂಡಿರ್ಲಿಲ್ಲ. ಎಲ್ಲಾನೂ ತಗೊಳ್ಳೋಕೆ ಜಾಗ ಇಲ್ಲ, ಆದ್ರೆ ತುಂಬ ಜನ ಕೇಳಿರೋದನ್ನ ಆರಿಸ್ಕೊಂಡು ಈ ಸಲದ ಕಾಲಮ್ ಪೂರ್ತಿ ಅದಕ್ಕೇ ಕೊಡ್ತಿದೀನಿ.

ಮಗಳು ಸ್ವಿಂಡನ್ನಲ್ಲಿದಾಳೆ, ಹೋದ ವರ್ಷ ಅಲ್ಲಿಗೆ ಹೋದಾಗ ಅಳಿಯ ನೀವು ಫೋಟೋ ಹಾಕಿದ್ದ ಅದೇ ಇಂಗಲ್‌ಶಮ್ ಚರ್ಚಿಗೆ ಕರ್ಕೊಂಡು ಹೋಗಿದ್ರು. ನಿಜ ಹೇಳ್ಬೇಕು ಅಂದ್ರೆ ನನಗೆ ಬೇಜಾರಾಯ್ತು. ಗೋಡೆ ಮೇಲೆ ಬಣ್ಣ ಅಲ್ಲಲ್ಲಿ ಕಿತ್ತು ಬಂದಿದೆ, ಕೂರೋ ಜಾಗ ಒಂದೊಂದು ಒಂದೊಂದು ಥರ, ನೆಲ ಸಮ ಇಲ್ಲ. ಅಷ್ಟು ಶ್ರೀಮಂತ ದೇಶದಲ್ಲಿ ಒಂದು ಸುಣ್ಣ ಬಣ್ಣ ಮಾಡ್ಸಿ ರಿಪೇರಿ ಮಾಡೋಕೆ ದುಡ್ಡಿಲ್ವಾ? — ಮೈಸೂರಿನ ಓದುಗರು

ಅಮ್ಮಾ, ನೀವು ನೋಡಿದ್ದು ರಿಪೇರಿ ಆಗಿರೋ ಚರ್ಚೇ. 1888–89ರಲ್ಲಿ ಆಗಿರೋ ರಿಪೇರಿ, ಆಮೇಲೂ ಕಾಲಕಾಲಕ್ಕೆ ನೋಡ್ಕೊಳ್ತಾನೇ ಇದಾರೆ. ರಿಪೇರಿ ಮಾಡಿದೋರು ನೀವು ಬೇಜಾರು ಮಾಡ್ಕೊಂಡ್ರಲ್ಲ ಅದನ್ನೆಲ್ಲ ಬೇಕು ಅಂತಲೇ ಹಾಗೇ ಬಿಟ್ರು, ಅದರ ಕಥೆ ಸ್ವಲ್ಪ ದೊಡ್ಡದು, ಆದ್ರೆ ಹೇಳಲೇಬೇಕು, ಯಾಕಂದ್ರೆ ಆ ಚರ್ಚು ನನಗೆ ಇಷ್ಟ ಆಗೋದೇ ಆ ಕಾರಣಕ್ಕೆ.

ವಿಕ್ಟೋರಿಯಾ ರಾಣಿ ಕಾಲದಲ್ಲಿ, ಅಂದ್ರೆ 1840ರಿಂದ ಈಚೆಗೆ, ಇಂಗ್ಲೆಂಡಲ್ಲಿ ಹಳೇ ಚರ್ಚುಗಳನ್ನ ಸರಿ ಮಾಡೋ ಒಂದು ದೊಡ್ಡ ಅಲೆ ಎದ್ದಿತ್ತು. ಸರಿ ಮಾಡೋದು ಅಂದ್ರೆ ಏನು ಅಂತ ಕೇಳಿ. ಒಂದು ಚರ್ಚು 1100ರಲ್ಲಿ ಶುರುವಾಗಿ, 1250ರಲ್ಲಿ ಬೆಳೆದು, 1450ರಲ್ಲಿ ಮಾಡು ಎತ್ತರಿಸಿ, 1650ರಲ್ಲಿ ಮರದ ಕೆಲಸ ಸೇರಿಸಿ ಹೀಗೆ ಕಾಲಕಾಲಕ್ಕೆ ಬದಲಾಗಿರುತ್ತೆ, ರಿಪೇರಿಗೆ ಅಂತ ಕರೆಸಿದ ಆರ್ಕಿಟೆಕ್ಟ್ ಬಂದು ಇದರಲ್ಲಿ 1300ರ ಆಸುಪಾಸಿಂದೇ ಶ್ರೇಷ್ಠ ಅಂತ ತೀರ್ಮಾನ ಮಾಡಿ, ಆಮೇಲಿನದನ್ನೆಲ್ಲ ಕಿತ್ತು ಹಾಕಿ, ಇಲ್ಲದೇ ಇರೋದನ್ನ 1300ರ ಥರ ಹೊಸದಾಗಿ ಕಟ್ಟಿಬಿಡ್ತಿದ್ದ. ಒಳಗಿನ ಗಾರೆ ಪೂರ್ತಿ ಕೆರೆದು ಕಲ್ಲು ಕಾಣೋ ಹಾಗೆ ಮಾಡೋರು. ಆ ಗಾರೆ ಮೇಲೆ ಏನು ಚಿತ್ರ ಇತ್ತು, ಎಷ್ಟು ಪದರ ಇತ್ತು ಅಂತ ಯಾರಿಗೂ ಗೊತ್ತಾಗದ ಹಾಗೆ ಬುಟ್ಟಿಗೆ ಹೋಗ್ತಿತ್ತು. ಬಹುಪಾಲು ಹಳ್ಳಿ ಚರ್ಚುಗಳಿಗೆ ಒಂದಲ್ಲ ಒಂದು ರೀತಿ ಇದು ಆಗಿದೆ. ಇವತ್ತು ಹೋಗಿ ನೋಡಿದ್ರೆ ಒಳಗೆ ಬರೀ ಒರಟು ಕಲ್ಲು, ಅದೇ ಹಳೇದು ಅಂತ ಜನ ಅಂದ್ಕೊಳ್ತಾರೆ, ಮಧ್ಯಯುಗದಲ್ಲಿ ಯಾವ ಊರಿನೋರೂ ಚರ್ಚಿನ ಒಳಗೆ ಹಾಗೆ ಬೋಳು ಕಲ್ಲು ಬಿಡ್ತಿರ್ಲಿಲ್ಲ, ಸುಣ್ಣ ಬಳಿದು ಚಿತ್ರ ಬರೆಸ್ತಿದ್ರು.

ಇದನ್ನ ನೋಡಿ ಸಿಟ್ಟಾದೋರು ವಿಲಿಯಂ ಮಾರಿಸ್. ವಾಲ್‌ಪೇಪರ್ ಡಿಸೈನು, ಬಟ್ಟೆ ಡಿಸೈನು, ಕವಿತೆ ಎಲ್ಲದರಲ್ಲೂ ಹೆಸರು ಮಾಡಿದ್ದ ಮನುಷ್ಯ, 1871ರಿಂದ ಥೇಮ್ಸ್ ನದಿ ದಂಡೆಯ ಕೆಲ್ಮ್‌ಸ್ಕಾಟ್ ಅನ್ನೋ ಹಳ್ಳಿ ಮನೇಲಿ ವರ್ಷದ ಕೆಲವು ತಿಂಗಳು ಇರ್ತಿದ್ರು. ಹತ್ತಿರದ ಬರ್‌ಫರ್ಡ್ ಚರ್ಚಲ್ಲಿ ಆಗ್ತಿದ್ದ ಕೆಲಸ ನೋಡಿ, ಆಮೇಲೆ ಟ್ಯೂಕ್ಸ್‌ಬರಿಯ ದೊಡ್ಡ ಚರ್ಚಿಗೂ ಅದೇ ಗತಿ ಬರುತ್ತೆ ಅಂತ ಗೊತ್ತಾಗಿ, 1877ರಲ್ಲಿ ಹಳೇ ಕಟ್ಟಡಗಳ ರಕ್ಷಣೆಗೆ ಅಂತಲೇ ಒಂದು ಸಂಘ ಕಟ್ಟಿದ್ರು. ಅದಕ್ಕೆ ಜನ ಇಟ್ಟ ಅಡ್ಡಹೆಸರು ಆಂಟಿ-ಸ್ಕ್ರೇಪ್, ಅಂದ್ರೆ ಕೆರೀಬೇಡಿ ಸಂಘ. ಅವರು ಹೇಳಿದ್ದು ಇಷ್ಟೇ, ಸೋರೋ ಮಾಡು ಸರಿ ಮಾಡಿ, ಬೀಳೋ ಗೋಡೆಗೆ ಆಸರೆ ಕೊಡಿ, ದಿನಾ ನೋಡ್ಕೊಳ್ಳಿ, ಆದ್ರೆ ಯಾವ ಕಾಲದ ಕೆಲಸವನ್ನೂ ಅಳಿಸಬೇಡಿ, ಹಳೇದರ ಹಾಗೆ ಕಾಣೋ ಹೊಸದನ್ನೂ ಮಾಡಬೇಡಿ. ಆ ಸಂಘ ಇವತ್ತಿಗೂ ಇದೆ, ಇವತ್ತಿಗೂ ಅದೇ ಹೇಳುತ್ತೆ.

ಕೆಲ್ಮ್‌ಸ್ಕಾಟಿಂದ ಕೆಲವೇ ಮೈಲಿ ದೂರ ಇಂಗಲ್‌ಶಮ್. ಊರು ಯಾವತ್ತೋ ಖಾಲಿ ಆಗಿ ಅಲ್ಲೊಂದು ಇಲ್ಲೊಂದು ಮನೆ ಉಳಿದಿತ್ತು, ಹಾಗಾಗಿ ಚರ್ಚಿಗೆ ದುಡ್ಡು ಹಾಕೋ ಜನ ಇರ್ಲಿಲ್ಲ, ಹಾಗಾಗಿ ಯಾವ ಆರ್ಕಿಟೆಕ್ಟೂ ಅದನ್ನ ಮುಟ್ಟಿರ್ಲಿಲ್ಲ. ಬಡತನದಿಂದ ಉಳಿದ ಕಟ್ಟಡ ಅದು. ಆದ್ರೆ ಇನ್ನು ಹಾಗೇ ಬಿಟ್ರೆ ಬಿದ್ದೇ ಹೋಗುತ್ತೆ ಅನ್ನೋ ಸ್ಥಿತಿಗೆ ಬಂದಿತ್ತು. ಮಾರಿಸ್ ಓಡಾಡಿ, ದುಡ್ಡು ಹೊಂದಿಸಿ, ಮಿಕಲ್‌ತ್ವೇಟ್ ಅನ್ನೋ ಆರ್ಕಿಟೆಕ್ಟ್ ಕೈಲಿ ತಮ್ಮ ಸಂಘದ ರೀತಿಯಲ್ಲೇ ಕೆಲಸ ಮಾಡಿಸಿದ್ರು. ಮಾಡು ಭದ್ರ ಆಯ್ತು, ಗೋಡೆ ನಿಂತ್ಕೊಳ್ತು, ಒಳಗಿನದು ಹೇಗಿತ್ತೋ ಹಾಗೇ ಉಳೀತು. ಒಳಗೆ ಒಂದು ಪುಟ್ಟ ಫಲಕ ಇದೆ, ಈ ಚರ್ಚನ್ನ ಪ್ರೀತಿಸಿದ ವಿಲಿಯಂ ಮಾರಿಸ್ ಅವರ ಶ್ರಮ, ಸಹಾಯದಿಂದ ರಿಪೇರಿ ಆಯ್ತು ಅನ್ನೋ ಅರ್ಥದ ಮಾತು ಅದರಲ್ಲಿದೆ. ಮುಂದಿನ ಸಲ ಹೋದ್ರೆ ಹುಡುಕಿ.

ಈಗ ನಿಮಗೆ ಬೇಜಾರಾದ ಬಣ್ಣಕ್ಕೆ ಬರ್ತೀನಿ. ನಾನು ಅಲ್ಲಿ ಹೋದಾಗ ನವೆಂಬರ್ ತಿಂಗಳು, ಕರೆಂಟ್ ದೀಪ ನಂಬ್ಕೊಳ್ಳೋ ಹಾಗಿಲ್ಲ ಅಂತ ಟಾರ್ಚ್ ತಗೊಂಡು ಹೋಗಿದ್ದೆ. ಗೋಡೆಗೆ ನೇರ ಹಿಡಿದ್ರೆ ಏನೂ ಕಾಣಲ್ಲ, ಪಕ್ಕದಿಂದ ಓರೆಯಾಗಿ ಹಿಡೀಬೇಕು. ಆಗ ನೋಡಿ, ಇಟ್ಟಿಗೆ ಬಣ್ಣದ ತೆಳ್ಳಗಿನ ಗೆರೆ ಕಾಣುತ್ತೆ, ಅದರ ಮೇಲೆ ಒಂದು ಸುಣ್ಣದ ಪದರ, ಆ ಸುಣ್ಣದ ಮೇಲೆ ದಪ್ಪ ಕಪ್ಪು ಅಕ್ಷರ, ಆ ಅಕ್ಷರ ಅರ್ಧಕ್ಕೇ ನಿಂತು ಅದರ ಮೇಲಿಂದ ಇನ್ನೊಂದು ಸುಣ್ಣದ ಪದರ ಹಾದುಹೋಗಿ ಅದರ ಮೇಲೆ ಇನ್ಯಾವುದೋ ಕಾಲದ ಬೇರೆ ಅಕ್ಷರ. 13ನೇ ಶತಮಾನದಿಂದ 19ನೇ ಶತಮಾನದವರೆಗೆ ಬಳಿದದ್ದು, ಬರೆದದ್ದು ಎಲ್ಲ ಒಂದರ ಮೇಲೊಂದು ಕೂತಿದೆ, ಕೆಲವು ಕಡೆ ಏಳು ಪದರದವರೆಗೆ. ಮೊದಲು ಕ್ಯಾಥೊಲಿಕ್ ಕಾಲದ ಚಿತ್ರ, ಆಮೇಲೆ ಪ್ರೊಟೆಸ್ಟೆಂಟ್ ಆದ ಮೇಲೆ ಚಿತ್ರ ಬೇಡ ಅಂತ ಸುಣ್ಣ ಬಳಿದು ಅದರ ಮೇಲೆ ಬೈಬಲ್ ವಾಕ್ಯ, ಆಮೇಲೆ ಆ ವಾಕ್ಯ ಮಾಸಿದಾಗ ಮತ್ತೆ ಸುಣ್ಣ ಮತ್ತೆ ವಾಕ್ಯ. ಒಂದು ದೇಶದ ಧರ್ಮ ಬದಲಾದದ್ದು ಅಂಗೈ ಅಗಲದ ಗೋಡೇಲಿ ಕಾಣುತ್ತೆ. ಮೇಲಿನ ಪದರ ತೆಗೆದು ಕೆಳಗಿನ ಚಿತ್ರ ಪೂರ್ತಿ ತೋರಿಸಬಹುದಿತ್ತು, ಆದ್ರೆ ಹಾಗೆ ಮಾಡಿದ್ರೆ ಮೇಲಿನ ಆರು ಹೋಗುತ್ತೆ, ಅದಕ್ಕೇ ಹಾಗೇ ಬಿಟ್ಟಿರೋದು. ಬೆಂಚುಗಳೂ ಅಷ್ಟೇ, ನೀವು ನೋಡಿದ ಬಾಗಿಲು ಇರೋ ಪೆಟ್ಟಿಗೆ ಥರದ ಮರದ ಆಸನಗಳು 17, 18ನೇ ಶತಮಾನದ್ದು. ಒಂದೊಂದು ಮನೆಯೋರು ತಮ್ಮ ತಮ್ಮ ಪೆಟ್ಟಿಗೇಲಿ ಬಾಗಿಲು ಹಾಕ್ಕೊಂಡು ಕೂರೋರು, ಚಳಿಗಾಳಿ ಕಾಲಿಗೆ ಹೊಡೀಬಾರದು ಅಂತಲೂ ಹೌದು, ಅಂತಸ್ತು ತೋರಿಸೋಕೂ ಹೌದು.

ಇನ್ನೊಂದು ನೋಡಿದ್ರೋ ಇಲ್ವೋ. ದಕ್ಷಿಣದ ಗೋಡೆ ಒಳಗೆ ಒಂದು ಕಲ್ಲಿನ ಕೆತ್ತನೆ, ಮರಿಯಮ್ಮ ಬಾಲಯೇಸುವನ್ನ ತೊಡೆ ಮೇಲೆ ಕೂರಿಸ್ಕೊಂಡು ಬಾಗಿರೋದು, ಮೇಲಿಂದ ದೇವರ ಕೈ ಒಂದು ಇಳಿದು ಆಶೀರ್ವಾದ ಮಾಡ್ತಿರೋದು. ಅದು ಫ್ರಾನ್ಸಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರು ಬರೋಕೆ ಮುಂಚಿನದು, ಅಂದ್ರೆ 1066ಕ್ಕೂ ಹಳೇದು, ಈಗಿರೋ ಗೋಡೆಗಿಂತ ಹಳೇದು. ಎಷ್ಟೋ ಕಾಲ ಅದು ಹೊರಗಿನ ಗೋಡೇಲಿ ಇತ್ತು, ಯಾರೋ ಅದರ ಮೇಲೇ ಬಿಸಿಲಿನ ಗಡಿಯಾರದ ಗೆರೆ ಕೊರೆದಿದಾರೆ. ಆಮೇಲೆ ಮಳೆಯಿಂದ ಉಳಿಸೋಕೆ ಒಳಗೆ ತಂದು ಇಟ್ರು. ಆ ತಾಯಿ ಮಗುವಿನ ಮೇಲೆ ಬಾಗಿರೋ ರೀತಿ ನೋಡೋಕೆ ಅಂತಲೇ ಇನ್ನೊಂದು ಸಲ ಹೋಗಿ ಅಂತ ನಿಮ್ಮನ್ನ ಕೇಳ್ಕೊಳ್ತೀನಿ.

ನಾನು ಇಂಜಿನಿಯರಿಂಗ್ ಸ್ಟೂಡೆಂಟ್. ಯೂಟ್ಯೂಬಲ್ಲಿ ಇಂಥ ಚರ್ಚುಗಳ ವಿಡಿಯೋ ನೋಡ್ತೀನಿ. ಎರಡು ಡೌಟು ಸರ್. ಕೆಲವು ಚರ್ಚಲ್ಲಿ ಗೋಡೆ ಮಧ್ಯೆ ಎತ್ತರದಲ್ಲಿ ಒಂದು ಸಣ್ಣ ಬಾಗಿಲು ಇರುತ್ತೆ, ಅದು ತೆರೆದ್ರೆ ಗಾಳಿ, ಅಲ್ಲಿಗೆ ಹೋಗೋಕೆ ಗೋಡೆ ಒಳಗೇ ಮೆಟ್ಟಿಲು. ಇನ್ನೊಂದು, ಮುಂದಿನ ದೊಡ್ಡ ಕಮಾನಿನ ಪಕ್ಕ ಓರೆಯಾಗಿ ಒಂದು ಕಂಡಿ ಕೊರೆದಿರ್ತಾರೆ. ಎರಡೂ ಏನು? — ಹಾಸನದ ಓದುಗರು

ತಮ್ಮಾ, ಮೊದಲು ಒಳಗಿನ ಪ್ಲಾನ್ ತಲೇಲಿ ಇಟ್ಕೊ. ಪಶ್ಚಿಮದ ಕಡೆಯಿಂದ ಜನ ನಿಲ್ಲೋ ದೊಡ್ಡ ಜಾಗ, ಅದಕ್ಕೆ ನೇವ್ ಅಂತಾರೆ. ಅದರ ಪೂರ್ವಕ್ಕೆ ಸ್ವಲ್ಪ ಚಿಕ್ಕದಾದ, ಪಾದ್ರಿಗಳು ಬಲಿಪೂಜೆ ಮಾಡೋ ಜಾಗ, ಅದು ಚಾನ್ಸೆಲ್. ನೇವ್ ನೋಡ್ಕೊಳ್ಳೋ ಖರ್ಚು ಊರಿನ ಜನದ್ದು, ಚಾನ್ಸೆಲ್ ಖರ್ಚು ಪಾದ್ರಿಯದ್ದು ಅಂತ ಲೆಕ್ಕವೇ ಬೇರೆ ಇತ್ತು, ಅದಕ್ಕೇ ಎಷ್ಟೋ ಕಡೆ ಒಂದು ಭಾಗ ಭರ್ಜರಿಯಾಗಿ ಇನ್ನೊಂದು ಭಾಗ ಸಾಧಾರಣವಾಗಿ ಇರುತ್ತೆ. ಇವೆರಡರ ಮಧ್ಯೆ ಇರೋದು ನೀನು ಹೇಳಿದ ದೊಡ್ಡ ಕಮಾನು.

ಮಧ್ಯಯುಗದಲ್ಲಿ ಆ ಕಮಾನು ಹೀಗೆ ಖಾಲಿ ಇರ್ತಿರ್ಲಿಲ್ಲ. ಅಲ್ಲಿ ಜಾಲರಿ ಕೆತ್ತನೆಯ ಒಂದು ಮರದ ತಡಿಕೆ, ಅದರ ತಲೆ ಮೇಲೆ ಒಂದು ಅಟ್ಟ, ಅಟ್ಟದ ಮೇಲೆ ಶಿಲುಬೆಗೇರಿಸಿದ ಯೇಸುವಿನ ದೊಡ್ಡ ಮೂರ್ತಿ, ಎಡಬಲಕ್ಕೆ ಮರಿಯಮ್ಮ ಮತ್ತೆ ಯೋವಾನ್ನ. ಆ ಶಿಲುಬೆಗೆ ರೂಡ್ ಅಂತ ಹೆಸರು. ದೀಪ ಹಚ್ಚೋಕೆ ಆ ಅಟ್ಟ ಹತ್ತಬೇಕಲ್ಲ, ಅದಕ್ಕೆ ಗೋಡೆ ದಪ್ಪದ ಒಳಗೇ ಮೆಟ್ಟಿಲು, ಮೇಲೆ ಆ ಬಾಗಿಲು. ಎಂಟನೇ ಹೆನ್ರಿ ಪೋಪ್ ಜೊತೆ ಸಂಬಂಧ ಕಡಿದುಕೊಂಡ ಮೇಲೆ, ಅವನ ಮಗ ಆರನೇ ಎಡ್ವರ್ಡ್ 1547ರಲ್ಲಿ ಪಟ್ಟಕ್ಕೆ ಬಂದಾಗ ಮೂರ್ತಿಗಳನ್ನ ತೆಗೆಸಿದ್ರು, 1561ರಲ್ಲಿ ಎಲಿಜಬೆತ್ ರಾಣಿ ಕಾಲದಲ್ಲಿ ಅಟ್ಟಗಳನ್ನೂ ಇಳಿಸಿ ಅಂತ ಆಜ್ಞೆ ಆಯ್ತು, ಕೆಳಗಿನ ತಡಿಕೆ ಇರಲಿ ಅಂದ್ರು. ಮರ ತೆಗೆಯೋದು ಸುಲಭ, ಗೋಡೆ ಒಳಗಿನ ಮೆಟ್ಟಿಲು ತೆಗೆಯೋರು ಯಾರು? ಹಾಗಾಗಿ ಮೆಟ್ಟಿಲು ಉಳೀತು, ಬಾಗಿಲು ಉಳೀತು, ಹೋಗಬೇಕಾದ ಜಾಗ ಹೋಯ್ತು. ಒಂದು ಸಲ ಅಂಥಾ ಮೆಟ್ಟಿಲು ಹತ್ತಿದೀನಿ, ಭುಜ ಓರೆ ಮಾಡ್ಕೊಂಡೇ ಹೋಗ್ಬೇಕು, ಪ್ರತಿ ಮೆಟ್ಟಿಲ ನಡುವೆ ಕಾಲಿಟ್ಟು ಕಾಲಿಟ್ಟು ಬಟ್ಟಲ ಥರ ಗುಳಿ ಬಿದ್ದಿದೆ.

ಎರಡನೇದು, ಓರೆ ಕಂಡಿ. ನೇವಿನ ಪಕ್ಕಕ್ಕೆ ಸೇರ್ಕೊಂಡಿರೋ ಪಡಸಾಲೇಲೂ ಒಂದೊಂದು ಸಣ್ಣ ಪೂಜಾಪೀಠ ಇರ್ತಿತ್ತು, ಅಲ್ಲಿ ಪೂಜೆ ಮಾಡೋ ಪಾದ್ರಿಗೆ ಮುಖ್ಯ ಪೀಠದಲ್ಲಿ ಏನಾಗ್ತಿದೆ ಅಂತ ಕಾಣಬೇಕು, ಪೂಜೆಯ ನಡುವೆ ಪಾದ್ರಿ ಪವಿತ್ರ ರೊಟ್ಟಿ ಎತ್ತಿ ತೋರಿಸೋ ಆ ಹೊತ್ತು ಅಲ್ಲಿ ನಿಂತ ಜನಕ್ಕೂ ಕಾಣಬೇಕು. ಅದಕ್ಕೆ ಕಂಡಿ ನೇರ ಇರದೆ ಮುಖ್ಯ ಪೀಠದ ಕಡೆಗೆ ಗುರಿ ಇಟ್ಟ ಹಾಗೆ ಓರೆ ಇರುತ್ತೆ. ಇದು ಕುಷ್ಠರೋಗಿಗಳು ಹೊರಗೆ ನಿಂತು ನೋಡೋಕೆ ಮಾಡಿದ್ದು ಅಂತ ವಿಡಿಯೋಗಳಲ್ಲಿ ಹೇಳ್ತಾರೆ, ಅದನ್ನ ನಂಬಬೇಡ. ಹೆಚ್ಚಿನವು ಕಟ್ಟಡದ ಒಳಗಿಂದ ಒಳಗೇ ತೆರೆಯೋ ಕಂಡಿ, ಹೊರಗೆ ನಿಂತೋರಿಗೆ ಅದರಿಂದ ಏನೂ ಕಾಣಲ್ಲ.

ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಇಂಥ ಕಟ್ಟಡದಲ್ಲಿ ಶಾಸನ ಇರೋದಿಲ್ಲ ಅಂತ ಕೇಳಿದೀನಿ, ಹಾಗಾದ್ರೆ ಕಾಲ ಹೇಗೆ ಹೇಳ್ತಾರೆ? ಮತ್ತೆ ಕಟ್ಟಡ ನೋಡಿದ್ರೆ ಆ ಊರಿನ ಏಳುಬೀಳು ಗೊತ್ತಾಗುತ್ತಾ? — ಧಾರವಾಡದ ಓದುಗರು

ಮೇಷ್ಟ್ರೇ, ಮೊದಲನೇದಕ್ಕೆ ಬೇಗ ಉತ್ತರ ಹೇಳಿ ಎರಡನೇದಕ್ಕೆ ಹೋಗ್ತೀನಿ. ಕಮಾನು ಮತ್ತೆ ಕಿಟಕಿ ನೋಡಬೇಕು. ಅರ್ಧವೃತ್ತದ ಕಮಾನು, ದಪ್ಪ ಕಂಬ, ಸಣ್ಣ ಕಿಟಕಿ ಇದ್ರೆ ನಾರ್ಮನ್ ಕಾಲ, ಸುಮಾರು 1066ರಿಂದ 1190. ಚೂಪು ಕಮಾನು, ಈಟಿಯ ಮೊನೆ ಥರ ಉದ್ದುದ್ದ ಒಂಟಿ ಕಿಟಕಿ ಬಂದ್ರೆ 13ನೇ ಶತಮಾನ. ಕಿಟಕಿ ತಲೆ ಕಡೆ ಕಲ್ಲಲ್ಲಿ ಬಳ್ಳಿ, ಹೂವಿನ ಹಾಗೆ ಸುತ್ತಿಕೊಂಡ ಜಾಲರಿ ಬಂದ್ರೆ 14ನೇ ಶತಮಾನದ ಮೊದಲರ್ಧ. ಕಿಟಕಿ ಅಗಲ ಆಗಿ, ಕಲ್ಲಿನ ಸರಳು ಕೆಳಗಿಂದ ಮೇಲಿನವರೆಗೂ ನೆಟ್ಟಗೆ ಹೋದ್ರೆ ಅದು 1348–49ರ ಪ್ಲೇಗಿನ ಕಾಲದ ಈಚಿನದು, 16ನೇ ಶತಮಾನದ ಆರಂಭದವರೆಗೆ ಅದೇ ನಡೀತು. ಈ ವಿಂಗಡಣೆಗೆ ಹೆಸರು ಕೊಟ್ಟವರು ಥಾಮಸ್ ರಿಕ್‌ಮನ್, 1817ರಲ್ಲಿ. ಹಳ್ಳಿ ಕಡೆ ಇದು ಇಪ್ಪತ್ತು ಮೂವತ್ತು ವರ್ಷ ಹಿಂದೆ ಮುಂದೆ ಆಗುತ್ತೆ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಅಂತ ನಾನು ಯಾವಾಗ್ಲೂ ತೋರಿಸೋದು ಯಾರ್ಕ್‌ಷೈರಿನ ವ್ಹಾರಮ್ ಪರ್ಸಿ ಅನ್ನೋ ಹಳ್ಳಿಯ ಸಂತ ಮಾರ್ಟಿನ್ ಚರ್ಚು. ಈಗ ಅದಕ್ಕೆ ಮಾಡು ಇಲ್ಲ, ಗೋಡೆ ಮತ್ತೆ ಅರ್ಧ ಬಿದ್ದ ಗೋಪುರ ಮಾತ್ರ ಇದೆ. ಸುತ್ತ ಊರು ಇಲ್ಲ, ಹುಲ್ಲಿನ ಕೆಳಗೆ ಮನೆಗಳ ಅಡಿಪಾಯ ಉಬ್ಬು ತಗ್ಗಾಗಿ ಕಾಣುತ್ತೆ. 1950ರಿಂದ 1990ರವರೆಗೆ ಪ್ರತಿ ಬೇಸಿಗೆ ಮಾರಿಸ್ ಬೆರೆಸ್‌ಫರ್ಡ್ ಮತ್ತೆ ಜಾನ್ ಹರ್ಸ್ಟ್ ಅನ್ನೋ ಇಬ್ಬರು ವಿದ್ವಾಂಸರ ಮುಂದಾಳತ್ವದಲ್ಲಿ ಅಲ್ಲಿ ಉತ್ಖನನ ನಡೀತು, ನಲವತ್ತು ವರ್ಷ! ಚರ್ಚಿನ ನೆಲವನ್ನೂ ಅಗೆದು ನೋಡಿದ್ರು, ಮೊದಲು ಮರದ್ದು ಇತ್ತು, ಆಮೇಲೆ ಸಣ್ಣ ಕಲ್ಲಿನದು, ಆಮೇಲೆ ದೊಡ್ಡದು ಅಂತ ಒಂದರ ಒಳಗೊಂದು ಸಿಕ್ತು.

ಆದ್ರೆ ಅಗೆಯದೇ ಕಣ್ಣಿಗೆ ಕಾಣೋದೇ ಸಾಕು. ನೇವಿನ ಉದ್ದದ ಗೋಡೆ ಮುಂದೆ ನಿಂತ್ಕೊಳ್ಳಿ. ಗೋಡೆ ಒಳಗೆ ಕಮಾನುಗಳ ಸಾಲು ಕಾಣುತ್ತೆ, ಆದ್ರೆ ಕಮಾನಿನ ಬಾಯಿ ಕಲ್ಲಿಟ್ಟು ಮುಚ್ಚಿದೆ, ಮುಚ್ಚಿದ ಕಲ್ಲಿನ ನಡುವೆ ಒಂದು ಕಿಟಕಿ ಕೂರಿಸಿದಾರೆ. ಊರು ಬೆಳೀತಿದ್ದಾಗ ಜನ ಹಿಡಿಸ್ತಿಲ್ಲ, ಪಕ್ಕದ ಪೀಠಗಳಿಗೂ ಜಾಗ ಬೇಕು ಅಂತ ಗೋಡೆ ಒಡೆದು ಕಮಾನು ಮಾಡಿ ಪಕ್ಕಕ್ಕೆ ಪಡಸಾಲೆ ಇಳಿಸಿದ್ರು. ಆಮೇಲೆ ಪ್ಲೇಗು, ಆಮೇಲೆ ಜಮೀನ್ದಾರರಿಗೆ ಬೇಸಾಯಕ್ಕಿಂತ ಕುರಿ ಲಾಭ ಅನ್ನಿಸಿತು, ಮನೆ ಮನೆ ಖಾಲಿ ಆಗ್ತಾ 1500 ದಾಟಿದ ಸ್ವಲ್ಪ ವರ್ಷಕ್ಕೆ ಊರೇ ಇಲ್ಲ. ಇಷ್ಟು ದೊಡ್ಡ ಮಾಡು ಯಾರು ನೋಡ್ಕೊಳ್ತಾರೆ ಅಂತ ಪಡಸಾಲೆ ಕೆಡವಿ ಕಮಾನು ಮುಚ್ಚಿ ಚರ್ಚನ್ನ ಮತ್ತೆ ಸಣ್ಣದು ಮಾಡ್ಕೊಂಡ್ರು. ಒಂದು ಊರು ಉಸಿರೆಳೆದು ಉಸಿರು ಬಿಟ್ಟದ್ದು ಆ ಗೋಡೇಲಿದೆ ಮೇಷ್ಟ್ರೇ. ನನ್ನ ಕಣ್ಣಿಗೆ ಯಾವ ಶಾಸನಕ್ಕೂ ಕಡಿಮೆ ಇಲ್ಲ ಅದು.

ಊರು ಹೋದ ಮೇಲೂ ಸುತ್ತಲಿನ ಸಣ್ಣ ಹಳ್ಳಿಗಳೋರು ಗುಡ್ಡ ದಾಟಿ ಅಲ್ಲಿಗೇ ನಡ್ಕೊಂಡು ಬರ್ತಿದ್ರು, ಸತ್ತೋರನ್ನ ಅಲ್ಲಿಗೇ ಹೊತ್ಕೊಂಡು ಬಂದು ಮಣ್ಣು ಮಾಡ್ತಿದ್ರು. 1870ರಲ್ಲಿ ಅವುಗಳಲ್ಲಿ ಒಂದು ಹಳ್ಳಿಗೆ, ತಿಕ್ಸೆಂಡೇಲ್ ಅಂತ, ಸ್ವಂತ ಚರ್ಚು ಆಯ್ತು, ಇಲ್ಲಿಗೆ ಬರೋರು ಇನ್ನೂ ಕಮ್ಮಿ ಆದ್ರು. 1949ಕ್ಕೆ ಪೂಜೆ ನಿಂತೇ ಹೋಯ್ತು. ಜನ ಬರೋದು ನಿಂತ ಮೇಲೆ ಮಾಡಿನ ಸೀಸದ ತಗಡು ಕಳುವಾಯ್ತು, ಆಮೇಲೆ ಗೋಪುರದ ಒಂದು ಭಾಗ ಕುಸೀತು. ಸೀಸ ಹೋದ್ರೆ ನೀರು, ನೀರು ಬಂದ್ರೆ ಮರ ಕೊಳೆಯುತ್ತೆ, ಮರ ಹೋದ್ರೆ ಗೋಡೆಗೆ ಹಿಡಿತ ಇಲ್ಲ. ಸೀಸ ಕದಿಯೋದು ಇವತ್ತಿಗೂ ಇಂಗ್ಲೆಂಡಿನ ಹಳೇ ಚರ್ಚುಗಳಿಗೆ ದೊಡ್ಡ ಕಾಟ.

ನಾನು ಗಾರೆ ಕೆಲಸ ಕಂಟ್ರಾಕ್ಟು ಮಾಡ್ತೀನಿ. ಅವ್ರು ಈಗಲೂ ಸುಣ್ಣದ ಗಾರೆನೇ ಹಾಕ್ತಾರೆ ಅಂತ ಬರ್ದಿದ್ರಿ. ಸಿಮೆಂಟ್ ಹಾಕಿದ್ರೆ ಗಟ್ಟಿ ಅಲ್ವಾ? — ಕುಂದಾಪುರದ ಓದುಗರು

ಗಟ್ಟಿ ಹೌದು ಅಣ್ಣಾ, ತೊಂದರೆ ಆ ಗಟ್ಟಿತನದಿಂದಲೇ. ಆ ಗೋಡೆಗಳು ನಮ್ಮ ಈಗಿನ ಗೋಡೆ ಥರ ಅಲ್ಲ, ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು ಕಲ್ಲು, ಮಧ್ಯೆ ಚೂರುಕಲ್ಲು ಸುಣ್ಣ ತುಂಬಿರೋದು, ಅಡಿಯಲ್ಲಿ ತೇವ ತಡೆಯೋ ಪಟ್ಟಿ ಇಲ್ಲ. ಜೊತೆಗೆ ನೂರಾರು ವರ್ಷ ಹೂತು ಹೂತು ಸುತ್ತಲಿನ ಸ್ಮಶಾನದ ಮಣ್ಣು ಎತ್ತರ ಆಗಿರುತ್ತೆ, ಎಷ್ಟೋ ಚರ್ಚಿಗೆ ನೀವು ಒಂದೆರಡು ಮೆಟ್ಟಿಲು ಇಳಿದೇ ಒಳಗೆ ಹೋಗ್ಬೇಕು. ಹಾಗಾಗಿ ಗೋಡೆಗೆ ನೀರು ಬಂದೇ ಬರುತ್ತೆ. ಸುಣ್ಣದ ಗಾರೆ ಆ ನೀರನ್ನ ಸಂದಿಯಿಂದ ಹೊರಗೆ ಆರೋಕೆ ಬಿಡುತ್ತೆ. ಸಿಮೆಂಟ್ ಬಿಡಲ್ಲ, ಸಂದಿ ಮುಚ್ಚಿ ಕೂತುಬಿಡುತ್ತೆ, ಆಗ ನೀರು ಕಲ್ಲಿಂದಲೇ ಹೊರಗೆ ಬರ್ಬೇಕು, ಬರುವಾಗ ಉಪ್ಪು ತರುತ್ತೆ, ಚಳಿಗಾಲಕ್ಕೆ ಹೆಪ್ಪುಗಟ್ಟುತ್ತೆ, ಕಲ್ಲಿನ ಮುಖ ಬಿಸ್ಕತ್ತಿನ ಪದರದ ಹಾಗೆ ಉದುರುತ್ತೆ. ಕೊನೆಗೆ ನೋಡಿದ್ರೆ ಸಿಮೆಂಟಿನ ಸಂದಿ ಹಾಗೇ ಇರುತ್ತೆ, ನಡುವಿನ ಕಲ್ಲು ಒಳಗೆ ತಿಂದು ಹೋಗಿರುತ್ತೆ, ಜೇನುಗೂಡಿನ ಹಾಗೆ. ಇದನ್ನ ನಾನು ಬೆರಳಿಟ್ಟು ನೋಡಿದೀನಿ, ಬೆರಳಿನ ಒಂದು ಗೆಣ್ಣು ಪೂರ್ತಿ ಒಳಗೆ ಹೋಯ್ತು.

ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಆಗಿದ್ದೇ 1824ರಲ್ಲಿ, ಇಂಗ್ಲೆಂಡಲ್ಲೇ. ಅದು ಬರೋಕೆ ಮುಂಚೆ ಐನೂರು ವರ್ಷ ನಿಂತ ಗೋಡೆ, ಅದನ್ನ ಹಾಕಿದ ಮೇಲೆ ಐವತ್ತು ವರ್ಷಕ್ಕೆ ಮುಖ ಕಳ್ಕೊಂಡದ್ದು ಎಷ್ಟೋ ಇದೆ. ಈಗ ಅಲ್ಲಿ ಕೆಲಸಗಾರರು ಹಳೇ ಸಿಮೆಂಟನ್ನ ಕಲ್ಲಿಗೆ ಪೆಟ್ಟಾಗದ ಹಾಗೆ ಉಳಿಯಿಂದ ಎಬ್ಬಿಸಿ, ಸುಣ್ಣ ಮರಳು ಕಲಸಿ ತುಂಬಿ, ಬೇಗ ಒಣಗಬಾರದು ಅಂತ ಒದ್ದೆ ಗೋಣಿಚೀಲ ತೂಗಿ ಹಾಕ್ತಾರೆ. ಸುಣ್ಣ ಗಾಳಿ ಕುಡ್ದು ಕುಡ್ದು ಮತ್ತೆ ಕಲ್ಲಾಗಬೇಕು, ಅದಕ್ಕೆ ಟೈಮು ಬೇಕು. ನೀವು ಕಲಿತ ಕೆಲಸವೇ ಅದು, ಅಲ್ಲಿ ಈ ಕೈಚಳಕ ಇರೋರಿಗೆ ತುಂಬ ಬೆಲೆ ಇದೆ.

ಒಂಬತ್ತನೇ ಕ್ಲಾಸ್ ಓದ್ತಿದೀನಿ. ಚರ್ಚಿನ ಗೋಡೆ ಮೇಲೆ ಯಾರೋ ಕೈವಾರದಲ್ಲಿ ಗೀಚಿದ ಹಾಗೆ ಅರ್ಧ ಚಕ್ರ, ನಡುವೆ ತೂತು ಇರೋ ಫೋಟೋ ನೋಡಿದೆ. ಅದೇನು? — ಶಿವಮೊಗ್ಗದ ಓದುಗರು

ಪುಟ್ಟಾ, ಅದು ಗಡಿಯಾರ. ತೂತಲ್ಲಿ ಒಂದು ಕಡ್ಡಿ ಸಿಕ್ಕಿಸ್ತಿದ್ರು, ಕಡ್ಡಿಯ ನೆರಳು ಯಾವ ಗೆರೆ ಮೇಲೆ ಬೀಳುತ್ತೋ ನೋಡಿ ಪೂಜೆಗೆ ಹೊತ್ತಾಯ್ತು ಅಂತ ತಿಳ್ಕೊಳ್ತಿದ್ರು. ಅದಕ್ಕೇ ಅದು ಯಾವಾಗ್ಲೂ ದಕ್ಷಿಣದ ಗೋಡೆ ಮೇಲೆ, ಸಾಮಾನ್ಯವಾಗಿ ಬಾಗಿಲ ಹತ್ತಿರ ಇರುತ್ತೆ, ಯಾಕಂದ್ರೆ ಇಂಗ್ಲೆಂಡಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣದ ಕಡೆಗೇ ಇರ್ತಾನೆ. ಗೆರೆ ಕೆಳಗಿನ ಅರ್ಧದಲ್ಲೇ ಯಾಕೆ ಹೆಚ್ಚಾಗಿ ಇರುತ್ತೆ ಅಂತ ನೀನೇ ಒಂದು ಕಡ್ಡಿ ಗೋಡೆಗೆ ಹಿಡಿದು ಬಿಸಿಲಲ್ಲಿ ನೋಡು, ಗೊತ್ತಾಗುತ್ತೆ. ಪೂರ್ತಿ ಚಕ್ರದ ಒಳಗೆ ಆರು ಎಸಳಿನ ಹೂವಿನ ಹಾಗೆ ಗೀಚಿದ್ರೆ ಅದು ಬೇರೆ, ಕೆಟ್ಟದ್ದು ಒಳಗೆ ಬರಬಾರದು ಅನ್ನೋ ನಂಬಿಕೆಯಿಂದ ಗೀಚಿದ್ದಿರಬೇಕು ಅಂತ ಹೆಚ್ಚಿನ ವಿದ್ವಾಂಸರು ಹೇಳ್ತಾರೆ.

ನಾರ್‌ಫೋಕ್ ಕಡೆ ಚರ್ಚುಗಳಿಗೆ ಬಾವಿ ಥರ ದುಂಡನೆ ಗೋಪುರ ಯಾಕೆ? — ಮಂಗಳೂರಿನ ಓದುಗರು

ಆ ಕಡೆ ಕಟ್ಟೋಕೆ ಯೋಗ್ಯವಾದ ಕಲ್ಲು ಇಲ್ಲ, ಸಿಗೋದು ಫ್ಲಿಂಟ್, ಅಂದ್ರೆ ಮುಷ್ಟಿ ಗಾತ್ರದ ಗಟ್ಟಿ ಬೆಣಚು ಉಂಡೆ. ಅದರಲ್ಲಿ ಗೋಡೆ ಎಬ್ಬಿಸಬಹುದು, ಮೂಲೆ ಕಟ್ಟೋದು ಕಷ್ಟ, ಮೂಲೆಗೆ ಚೌಕ ಕಲ್ಲನ್ನ ದೂರದಿಂದ ತರಿಸಬೇಕು. ದುಂಡಗೆ ಕಟ್ಟಿದ್ರೆ ಮೂಲೆನೇ ಇರಲ್ಲ. ಇದೊಂದೇ ಕಾರಣ ಅಲ್ಲ, ಅದು ಆಗಿನ ರೂಢಿಯೂ ಹೌದು ಅಂತ ವಾದ ಮಾಡೋರಿದಾರೆ, ಅವರ ಮಾತಲ್ಲೂ ಹುರುಳಿದೆ. ಇಡೀ ಇಂಗ್ಲೆಂಡಲ್ಲಿ ಸುಮಾರು 180 ದುಂಡು ಗೋಪುರ ಇದೆ, ಅದರಲ್ಲಿ 120ಕ್ಕೂ ಹೆಚ್ಚು ನಾರ್‌ಫೋಕಲ್ಲೇ.

ಪೂಜೆ ನಿಂತ ಮೇಲೆ ಇವನ್ನ ಮಾರಿಬಿಡ್ತಾರಾ? ನಮ್ಮ ಶೆಟ್ಟಿಹಳ್ಳಿ ಚರ್ಚು ನೀರಲ್ಲಿ ನಿಂತಿರೋದು ನೋಡಿದಾಗೆಲ್ಲ ಅಲ್ಲಿ ಏನು ಮಾಡ್ತಾರೆ ಅಂತ ಅನ್ಸುತ್ತೆ. — ಬೆಂಗಳೂರಿನ ಓದುಗರು

ಶೆಟ್ಟಿಹಳ್ಳಿಯದು ಫ್ರೆಂಚ್ ಮಿಷನರಿಗಳು 19ನೇ ಶತಮಾನದಲ್ಲಿ ಕಟ್ಟಿಸಿದ್ದು, ಹೇಮಾವತಿ ಡ್ಯಾಮಿನ ಹಿನ್ನೀರಿಂದ ಊರೇ ಎದ್ದು ಹೋದ ಮೇಲೆ ಹಾಗಾಯ್ತು. ಚೂಪು ಕಮಾನು ಮಾತ್ರ ಆ ಮಧ್ಯಯುಗದ ಕಮಾನಿನ ವಂಶದ್ದೇ.

ಇಂಗ್ಲೆಂಡಲ್ಲಿ ಮೂರು ದಾರಿ. ಕೆಲವನ್ನ ಮಾರಿ ಬೇರೆ ಉಪಯೋಗಕ್ಕೆ ಕೊಡ್ತಾರೆ, ನಾರಿಜ್ ಪೇಟೆಯ ಹಳೇ ಸಂತ ಜೇಮ್ಸ್ ಚರ್ಚು ಈಗ ಬೊಂಬೆಯಾಟದ ಥಿಯೇಟರು, ಕೆಲವು ಮನೆಗಳಾಗಿವೆ. ತೀರಾ ಅಪರೂಪಕ್ಕೆ ಕೆಡವ್ತಾರೆ. ಕೆಡವೋಕೂ ಆಗದ, ಮಾರೋಕೂ ಮನಸ್ಸಾಗದ ಬೆಲೆಬಾಳೋ ಕಟ್ಟಡಗಳನ್ನ ಚರ್ಚಸ್ ಕನ್ಸರ್ವೇಶನ್ ಟ್ರಸ್ಟ್ ಅನ್ನೋ ಸಂಸ್ಥೆ ವಹಿಸ್ಕೊಳ್ಳುತ್ತೆ. 1968ರ ಒಂದು ಕಾನೂನಿನ ಮೇಲೆ 1969ರಲ್ಲಿ ಬೇರೆ ಹೆಸರಲ್ಲಿ ಶುರುವಾದ ಸಂಸ್ಥೆ, ಈಗ ಅದರ ಕೈಲಿ 350ಕ್ಕೂ ಹೆಚ್ಚು ಚರ್ಚುಗಳಿವೆ, ಇಂಗಲ್‌ಶಮ್ಮೂ ಅದರದ್ದೇ. ಅದಕ್ಕೂ ಮುಂಚೆ 1957ರಲ್ಲಿ ಐವರ್ ಬುಲ್ಮರ್-ಥಾಮಸ್ ಅನ್ನೋರು ಫ್ರೆಂಡ್ಸ್ ಆಫ್ ಫ್ರೆಂಡ್‌ಲೆಸ್ ಚರ್ಚಸ್ ಅಂತ ಕಟ್ಟಿದ್ರು, ಗೆಳೆಯರಿಲ್ಲದ ಚರ್ಚುಗಳ ಗೆಳೆಯರು, ಹೆಸರು ಎಷ್ಟು ಚೆನ್ನಾಗಿದೆ ನೋಡಿ. ಅವರ ಹತ್ತಿರ ಇಂಗ್ಲೆಂಡು ವೇಲ್ಸು ಸೇರಿ 60ಕ್ಕೂ ಹೆಚ್ಚು ಇವೆ.

ಸಂಸ್ಥೆಗಳಷ್ಟೇ ಅಲ್ಲ. ನಾರ್‌ಫೋಕಿನ ಹೌಟನ್-ಆನ್-ದ-ಹಿಲ್ ಅನ್ನೋ ಕಡೆ ಒಂದು ಚರ್ಚು ಮಾಡು ಇಲ್ಲದೆ ಐವಿ ಬಳ್ಳಿ ಮುಚ್ಚಿಕೊಂಡು ಪಾಳು ಬಿದ್ದಿತ್ತು. 1992ರಲ್ಲಿ ಬಾಬ್ ಡೇವಿ ಅನ್ನೋ ನಿವೃತ್ತ ವ್ಯಕ್ತಿ ತಾವೇ ಬಳ್ಳಿ ಕಡಿಯೋಕೆ ಶುರು ಮಾಡಿ, ವರ್ಷಗಟ್ಟಲೆ ಅದಕ್ಕೇ ಅಂಟಿಕೊಂಡ್ರು. ಕೆಲಸ ಆಗ್ತಿದ್ದಾಗ ಈಚಿನ ಗಾರೆ ಉದುರಿ, ಅದರ ಹಿಂದೆ 11ನೇ ಶತಮಾನದ ಕೊನೆಯ ಗೋಡೆಚಿತ್ರ ಸಿಕ್ತು, ಇಂಗ್ಲೆಂಡಿನ ಅತಿ ಹಳೇ ಗೋಡೆಚಿತ್ರಗಳಲ್ಲಿ ಅದೂ ಒಂದು. ಹಿಂದೆ ಯಾರಾದ್ರೂ ಬಂದು ಗೋಡೆ ಕೆರೆದು ಚೊಕ್ಕ ಮಾಡಿದ್ದಿದ್ರೆ ಅದು ಇರ್ತಿರ್ಲಿಲ್ಲ.

ರೆಡಿಂಗಲ್ಲಿದೀವಿ, ಅತ್ತೆ ಮಾವ ಬರ್ತಿದಾರೆ, ಅವರನ್ನ ಇಂಥದೊಂದು ಚರ್ಚಿಗೆ ಕರ್ಕೊಂಡು ಹೋಗ್ಬೇಕು. ಮುಚ್ಚಿದ ಚರ್ಚು ಅಂದ್ರೆ ಬೀಗ ಹಾಕಿರುತ್ತಾ? ಚಪ್ಪಲಿ ಬಿಡಬೇಕಾ? — ಒಬ್ಬ ಓದುಗರು

ಮುಚ್ಚಿದ್ದು ಅಂದ್ರೆ ವಾರ ವಾರ ಪೂಜೆ ಇಲ್ಲ ಅಂತ ಅಷ್ಟೇ. ಟ್ರಸ್ಟಿನ ಎಷ್ಟೋ ಚರ್ಚುಗಳು ದಿನಾ ತೆರೆದಿರುತ್ತೆ, ಒಳಗೆ ಹೋಗೋಕೆ ದುಡ್ಡು ಕೊಡ್ಬೇಕಾಗಿಲ್ಲ, ಕಾಯೋರಿಲ್ಲ. ಬೀಗ ಇದ್ರೆ ಬೀಗದ ಕೈ ಯಾವ ಮನೇಲಿ ಸಿಗುತ್ತೆ ಅಂತ ಬಾಗಿಲಲ್ಲೇ ಬರೆದಿರ್ತಾರೆ, ಹೊರಡೋ ಮುಂಚೆ ಟ್ರಸ್ಟಿನ ವೆಬ್‌ಸೈಟಲ್ಲಿ ಒಂದು ಸಲ ನೋಡ್ಕೊಳ್ಳಿ. ಬಹುಪಾಲು ಇನ್ನೂ ಪವಿತ್ರ ಸ್ಥಳ ಅಂತಲೇ ಲೆಕ್ಕ, ವರ್ಷಕ್ಕೆ ಒಂದೆರಡು ಸಲ ಪ್ರಾರ್ಥನೆಯೂ ಇರುತ್ತೆ. ಚಪ್ಪಲಿ ಬಿಡೋದು ಬೇಡ, ನೆಲ ತುಂಬ ತಣ್ಣಗಿರುತ್ತೆ, ಮಾವನೋರು ಟೋಪಿ ಹಾಕಿದ್ರೆ ಒಳಗೆ ತೆಗೆಯೋದು ಅಲ್ಲಿನ ಮರ್ಯಾದೆ. ಹೀಟರ್ ಇರಲ್ಲ, ಬೇಸಿಗೇಲೂ ಅತ್ತೆಗೆ ಒಂದು ಶಾಲು ಇರಲಿ. ಹೆಚ್ಚಿನ ಕಡೆ ಟಾಯ್ಲೆಟ್ ಇರಲ್ಲ, ವಯಸ್ಸಾದೋರ ಜೊತೆ ಹೋಗೋವಾಗ ಇದನ್ನ ಯೋಚನೆ ಮಾಡಿ. ನಿಮಗೆ ಇಷ್ಟ ಇದ್ರೆ ರಾತ್ರಿ ಉಳಿಯೋಕೂ ಆಗುತ್ತೆ, 2014ರಿಂದ ಟ್ರಸ್ಟು ಬೇಸಿಗೆ ತಿಂಗಳಲ್ಲಿ ಕೆಲವು ಚರ್ಚುಗಳ ಒಳಗೆ ಮಲಗೋಕೆ ಬಾಡಿಗೆಗೆ ಕೊಡುತ್ತೆ, ಅದಕ್ಕೆ ಚಾಂಪಿಂಗ್ ಅಂತಾರೆ, ಆ ದುಡ್ಡು ರಿಪೇರಿಗೆ ಹೋಗುತ್ತೆ.

ಗೋಡೆ ಮೇಲಿನ ಬಣ್ಣ ಮುಟ್ಟಬೇಡಿ, ಬೆನ್ನು ಬ್ಯಾಗು ತಾಗದ ಹಾಗೆ ನೋಡ್ಕೊಳ್ಳಿ. ಬಾವಲಿ ಇದ್ರೆ ಹೆದರಿಸಬೇಡಿ, ಅಲ್ಲಿ ಕಾನೂನಿನ ರಕ್ಷಣೆ ಇದೆ ಅವಕ್ಕೆ. ಬಾಗಿಲಿಗೆ ಕಬ್ಬಿಣದ ದಪ್ಪ ಬಳೆ ಇರುತ್ತೆ, ತಿರುಗಲ್ಲ ಅಂತ ವಾಪಸ್ ಬಂದುಬಿಡ್ತಾರೆ ಎಷ್ಟೋ ಜನ, ಎರಡೂ ಕಡೆ ತಿರುಗಿಸಿ ಭುಜ ಕೊಟ್ಟು ತಳ್ಳಿ, ತೆರೆಯುತ್ತೆ. ಹೊರಗೆ ಬಂದಾಗ ಅದೇ ಬಳೆ ಹಿಡಿದು ಚಿಲಕ ಬಿದ್ದ ಸದ್ದು ಕೇಳೋವರೆಗೂ ಎಳ್ಕೊಳ್ಳಿ, ಸಂದಿ ಬಿಟ್ರೆ ಹಕ್ಕಿ ಒಳಗೆ ಹೋಗಿ ಸಿಕ್ಕಿಹಾಕ್ಕೊಳ್ಳುತ್ತೆ, ಅಲ್ಲಿ ನೀರೂ ಇಲ್ಲ ಕಾಳೂ ಇಲ್ಲ, ಮುಂದಿನ ಮನುಷ್ಯ ಯಾವಾಗ ಬರ್ತಾನೋ ಗೊತ್ತಿಲ್ಲ.